ಅಂಗೈಯ ಪಾಕಶಾಲೆ

ನಳನೂ ಭೀಮಸೇನನೂ ಪಾಕಪ್ರವೀಣರಾಗಿದ್ದರೆಂದು ನಮ್ಮ ಪುರಾಣೇತಿಹಾಸಗಳು ಹೊಗಳುತ್ತಿದ್ದರೂ, ಅವರ ಶಿಷ್ಯರೆಂದು ಹೇಳಿಕೊಳ್ಳಬಲ್ಲ ಗೃಹಸ್ಥರು ನಮ್ಮಲ್ಲಿ ವಿರಳ. ಮದುವೆ ಮುಂಜಿಗಳಲ್ಲಿ ಅಡಿಗೆಯವರು ಗಂಡಸರೇ, ದೇವಸ್ಥಾನದ ಪಾಕಶಾಲೆಯಲ್ಲಿಯೂ ಗಂಡಸರೇ. ಮನೆಯಲ್ಲಿ ಮಾತ್ರ ಅಕ್ಕಿ ಅನ್ನವಾಗುವ ಬಗೆ ಅವರಿಗೆ ಅವಿದಿತ. ಆ ವಿದ್ಯೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಕಣ್ಣಳತೆ ಕೈಯಳತೆಗಳಲ್ಲಿಯೇ ನಡೆದುಬಂದುದು. ಗ್ರಂಥಗಳಿರಲಿಲ್ಲವೆಂದಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಪಾಕವಿಷಯಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಹೆಸರಿನಿಂದಲೇ ವಾರ್ಧಕ ಷಟ್ಪದಿಯಲ್ಲಿ ಒಂದು ಕೃತಿಯನ್ನು ಬರೆದನು. ಆದರೆ ಷಟ್ಪದಿಯನ್ನು ಓದಿ ಒಲೆ ಹಚ್ಚಿದ ಗೃಹಿಣಿಯನ್ನು ಕಂಡವರುಂಟೆ? ಆ ಕೃತಿಗಳು ಪಂಡಿತರ ಕಪಾಟನ್ನೇ ಸೇರಿದುವು. ಹುಳಿಯ ಪುಡಿಯ ಗುಟ್ಟು ಹೆಂಗಸರ ಬೆರಳುಗಳಲ್ಲಿಯೇ ಉಳಿಯಿತು.

ಈಚಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಈ ಪರಂಪರೆಗೆ ಹೊಸದೊಂದು ಕವಲು ಒಡೆದಿದೆ. 2005ರಲ್ಲಿ ಹುಟ್ಟಿದ ಯೂಟ್ಯೂಬು, ಅನಂತರ ಬಂದ ವಾಟ್ಸಾಪು, ಇನ್‌ಸ್ಟಾಗ್ರಾಮು ಮೊದಲಾದ ಸಾಮಾಜಿಕ ಜಾಲತಾಣಗಳು ಅಡಿಗೆಮನೆಯನ್ನು ಅಂಗೈಯೊಳಗೆ ತಂದಿಟ್ಟಿವೆ. 2020ರ ಮಾರ್ಚಿ ತಿಂಗಳಲ್ಲಿ ಮಹಾವ್ಯಾಧಿಯ ಭಯದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಾಗ ಈ ಹೊಸ ಪಾಠಶಾಲೆಗೆ ವಿದ್ಯಾರ್ಥಿಗಳು ತಂಡತಂಡವಾಗಿ ಸೇರಿದರು. ಅದೇ ವರ್ಷ ಜುಲೈಯಲ್ಲಿ ಇನ್‌ಸ್ಟಾಗ್ರಾಮಿನ ರೀಲುಗಳು ನಮ್ಮ ದೇಶಕ್ಕೆ ಬಂದು, ಅರ್ಧ ನಿಮಿಷದಲ್ಲಿ ಪಲ್ಯ ಮುಗಿಸುವ ಚಮತ್ಕಾರವನ್ನೂ ತೋರಿಸಿದುವು. ಇವುಗಳಲ್ಲಿ ಬರಿಯ ನಾಲಗೆಯ ಚಾಪಲ್ಯಕ್ಕೆ ಹೊಂದಿದವು ಬಹಳವಿರುವುದು ನಿಜ. ಆದರೆ ಹಿತವಾದ ಆಹಾರವನ್ನು ಹುಡುಕಿಕೊಂಡು ಈ ಬಾಗಿಲಿಗೆ ಬರುವವರೂ ಕಡಮೆಯಲ್ಲ. ವೈದ್ಯರು 'ಪಥ್ಯ ಮಾಡಿ' ಎಂದು ಎರಡು ಅಕ್ಷರದಲ್ಲಿ ಹೇಳಿ ಕಳುಹಿಸಿದ ಮೇಲೆ, ಮರುದಿನ ಬೆಳಗ್ಗೆ ಪಾತ್ರೆಗೆ ಏನು ಹಾಕಬೇಕೆಂಬ ಪ್ರಶ್ನೆಗೆ ಉತ್ತರ ಬೇಕಲ್ಲ! ಆ ಉತ್ತರ ಈಗ ಬಹುಮಂದಿಗೆ ದೊರೆಯುತ್ತಿರುವುದು ಇಲ್ಲಿಂದಲೇ.

ತಿಪಟೂರಿನಲ್ಲಿ ಇಂಥವರೊಬ್ಬರಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ವಯಸ್ಸು ಅರುವತ್ತಾರು. ಎರಡು ವರ್ಷದ ಕೆಳಗೆ ಅವರಿಗೆ ಪತ್ನೀವಿಯೋಗವಾಯಿತು. ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಉದ್ಯೋಗ, ಸಂಸಾರ. ಮೊದಲ ಕೆಲವು ತಿಂಗಳು ಶಿರಸ್ತೇದಾರರಿಗೆ ಹತ್ತಿರದ ಮೆಸ್ಸಿನಿಂದ ಕ್ಯಾರಿಯರಿನಲ್ಲಿ ಊಟ ಬರುತ್ತಿತ್ತು. ಗುಡ್ಡೆ ಅನ್ನ, ಆಲೂಗೆಡ್ಡೆಯ ಪಲ್ಯ, ಎಣ್ಣೆ ತೇಲುವ ಸಾರು, ಮೇಲೆ ಒಂದು ಹಪ್ಪಳ. ಹನ್ನೆರಡು ವರ್ಷದಿಂದ ಮಾತ್ರೆಯ ಹತೋಟಿಯಲ್ಲಿದ್ದ ಮಧುಮೇಹವು ಈ ಉಪಚಾರಕ್ಕೆ ಪ್ರಸನ್ನವಾಗಿ ತಲೆಯೆತ್ತಿತು. ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯಲ್ಲಿ 9.4 ಬಂದಿತು. ಮಗಳು ಓಡಿಬಂದು, "ಮನೆಗೆ ಬೀಗ ಹಾಕಿ, ಅಪ್ಪಾ, ನಮ್ಮಲ್ಲಿಗೆ ಬಂದುಬಿಡಿ" ಎಂದಳು. ಮೂವತ್ತೈದು ವರ್ಷ ಬಾಳಿದ ಮನೆ, ಹಿತ್ತಲಿನಲ್ಲಿ ತಾವೇ ನೆಟ್ಟ ಏಳು ತೆಂಗಿನ ಮರ, ಸಂಜೆ ಮಾತಿಗೆ ಸಿಕ್ಕುವ ಗೆಳೆಯರು, ಇವನ್ನೆಲ್ಲ ಬಿಟ್ಟು ಒಂಬತ್ತನೆಯ ಅಂತಸ್ತಿನ ಕೋಣೆಯೊಂದರಲ್ಲಿ ಕುಳಿತಿರುವ ಚಿತ್ರ ಅವರ ಕಣ್ಣಿಗೆ ಕಟ್ಟಿತು. ಕಚೇರಿಯಲ್ಲಿ ವಾಯಿದೆ ಕೊಟ್ಟೂ ಪಡೆದೂ ಅನುಭವವಿದ್ದವರಾದ್ದರಿಂದ ಮಗಳಲ್ಲಿಯೂ ಒಂದು ವಾಯಿದೆಯನ್ನು ಕೇಳಿದರು: ಆರು ತಿಂಗಳು. ಆ ಸಂಖ್ಯೆ ಎಂಟರೊಳಗೆ ಇಳಿಯದಿದ್ದರೆ ಬೀಗದ ಕೈ ಅವಳ ವಶ. ಮೆಸ್ಸಿನ ಕ್ಯಾರಿಯರು ಮರುದಿನವೇ ನಿಂತುಹೋಯಿತು. ಹಾಲು ಕಾಯಿಸಲೂ ಅರಿಯದ ಗೃಹಸ್ಥರು ಕೈಫೋನನ್ನು ಉಪ್ಪಿನ ಮರಿಗೆಗೆ ಒರಗಿಸಿಟ್ಟು ಒಲೆಯ ಮುಂದೆ ನಿಂತರು.

ಯಾವ ಗುರುವೂ ಇಷ್ಟು ತಾಳ್ಮೆಯಿಂದ ಪಾಠ ಹೇಳಲಾರನೆಂಬುದನ್ನು ಒಪ್ಪಬೇಕು. ಒಗ್ಗರಣೆಗೆ ಸಾಸಿವೆ ಯಾವಾಗ ಎಂಬುದನ್ನು ಹತ್ತು ಬಾರಿ ಕೇಳಿದರೂ ಹತ್ತು ಬಾರಿಯೂ ಅದೇ ನಗುಮುಖದಿಂದ ಹೇಳುತ್ತದೆ, 'ಇಷ್ಟೂ ತಿಳಿಯದೆ?' ಎಂದು ಮೂದಲಿಸುವುದಿಲ್ಲ. ಮುದಿಪ್ರಾಯದಲ್ಲಿ ಕಲಿಯುವವನಿಗೆ ಇದು ಸಾಮಾನ್ಯವಾದ ಉಪಕಾರವಲ್ಲ. ಕರಾವಳಿಯ ಸೋದರರಿಬ್ಬರು ನಡೆಸುವ 'ಭಟ್ ಎನ್ ಭಟ್' ಎಂಬ ವಾಹಿನಿಯಲ್ಲಿ ಹಲಸು, ಬಾಳೆದಿಂಡು, ಹಿತ್ತಲ ಸೊಪ್ಪುಗಳು ಅಡಿಗೆಯಾಗುವುದನ್ನು ನೋಡುತ್ತ ಅವರಿಗೆ ಹೊತ್ತು ಹೋದುದೇ ತಿಳಿಯುತ್ತಿರಲಿಲ್ಲ. ತಂಬುಳಿಯೆಂಬುದನ್ನು ಬಯಲುಸೀಮೆಯ ಆ ಮನೆ ಎಂದೂ ಕಂಡಿರಲಿಲ್ಲ. ಒಂದೆಲಗದ ತಂಬುಳಿ ಈಗ ಅಲ್ಲಿ ವಾರಕ್ಕೆರಡು ದಿನ.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದುದು. ವಿಶ್ವಸಂಸ್ಥೆಯು ಭಾರತದ ಸೂಚನೆಯಂತೆ 2023ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತಷ್ಟೆ. ಅದೇ ವರ್ಷ ಪದ್ಮಶ್ರೀ ಪಡೆದ ಮೈಸೂರಿನ ಡಾ. ಖಾದರ್ ವಲಿಯವರ ಉಪನ್ಯಾಸಗಳು ಅದಕ್ಕೆ ಮುಂಚಿನಿಂದಲೂ ಫೋನಿನಿಂದ ಫೋನಿಗೆ ಹರಿದಾಡುತ್ತಿದ್ದುವು. ನವಣೆ, ಸಾಮೆ, ಊದಲು, ಹಾರಕ, ಕೊರಲೆ ಎಂಬ ಹೆಸರುಗಳು ಮತ್ತೆ ಬಾಯಿಗೆ ಬಂದುವು. ಸಾಮೆಯ ಅನ್ನವನ್ನು ಪರದೆಯ ಮೇಲೆ ಕಂಡೊಡನೆ ಶಿರಸ್ತೇದಾರರಿಗೆ ತಮ್ಮ ಅಜ್ಜಿಯ ಮನೆಯ ಒರಳಿನ ನೆನಪಾಯಿತು. ಬಾಲ್ಯದಲ್ಲಿ ಅವರು ಉಂಡದ್ದು ಅದನ್ನೇ. ಆಮೇಲೆ ಬಿಳಿಯ ಅಕ್ಕಿ ಸುಲಭವಾಗಿ ಸಿಗುವಂತಾದಾಗ ಸಾಮೆ ಬಡವರ ಧಾನ್ಯವೆನಿಸಿ, ನೆಂಟರ ಎದುರಿಗೆ ಬಡಿಸಲು ನಾಚಿಕೆಯಾಗಿ, ಮನೆಯಿಂದಲೇ ತೊಲಗಿತು. ಈಗ ಅದೇ ಸಾಮೆಯನ್ನು ಬಣ್ಣದ ಚೀಲದಲ್ಲಿ, ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಕೊಂಡುತರಬೇಕು! ಮನೆಯವರೇ ಕಳೆದದ್ದನ್ನು ಬೀದಿಯವರು ಹುಡುಕಿಕೊಟ್ಟಂತಾಯಿತು. ಹಳೆಯದೆಲ್ಲ ನಮ್ಮ ಮನೆಯಲ್ಲಿ ಭದ್ರವಾಗಿತ್ತು, ಈ ಯಂತ್ರ ಬಂದು ಕೆಡಿಸಿತು ಎಂದು ಹೇಳುವವರು ಈ ಲೆಕ್ಕವನ್ನೂ ನೋಡುವುದು ಒಳ್ಳೆಯದು.

ಇಷ್ಟಾಗಿಯೂ ಮೊದಲ ತಿಂಗಳ ಕೊನೆಯಲ್ಲಿ ನೋಡಿಸಿದಾಗ ಬೆಳಗಿನ ರಕ್ತದ ಸಕ್ಕರೆ ಇಳಿಯುವ ಬದಲು ಏರಿತ್ತು.

ಕಾರಣವನ್ನು ತಿಳಿಯಬೇಕಾದರೆ ಒಂದು ಹಳೆಯ ಗ್ರಂಥದ ಕಡೆ ತಿರುಗಬೇಕು. ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಆಹಾರದ ಹಿತಾಹಿತಗಳನ್ನು ಗೊತ್ತುಮಾಡಲು ಎಂಟು ಅಂಶಗಳನ್ನು ಹೇಳಿದೆ. ಪದಾರ್ಥದ ಸ್ವಭಾವವು ಪ್ರಕೃತಿ; ಅದಕ್ಕೆ ಮಾಡುವ ಸಂಸ್ಕಾರವು ಕರಣ; ಒಂದರೊಡನೊಂದು ಬೆರೆಯುವುದು ಸಂಯೋಗ; ಅಳತೆಯು ರಾಶಿ. ಮೇಲೆ ದೇಶ, ಕಾಲ. ಉಣ್ಣುವ ಕ್ರಮವಾದ ಉಪಯೋಗಸಂಸ್ಥೆ. ಎಂಟನೆಯದಾಗಿ ಉಪಯೋಕ್ತೃ, ಎಂದರೆ ಉಣ್ಣುವವನು. ಒಂದೇ ಪದಾರ್ಥ ಈ ಎಂಟರಲ್ಲಿ ಒಂದು ಬದಲಾದರೂ ಬೇರೆಯ ಫಲವನ್ನು ಕೊಡುವುದೆಂದು ಆಚಾರ್ಯರ ಅಭಿಪ್ರಾಯ. ಪರದೆಯ ಮೇಲಿನ ಪಾಕಶಾಸ್ತ್ರವು ಸಂಯೋಗವನ್ನು ಸೊಗಸಾಗಿ ಕಲಿಸುತ್ತದೆ. ಪ್ರಕೃತಿಯ ವಿಷಯವಾಗಿ ಬೇಕಾದಷ್ಟು, ಕೆಲವು ವೇಳೆ ಬೇಡದಷ್ಟು, ಹೇಳುತ್ತದೆ. ಎಂಟನೆಯವನನ್ನು ಮಾತ್ರ ಅದು ಕಂಡೇ ಇಲ್ಲ. ಲಕ್ಷಾಂತರ ಮಂದಿಗೆ ಒಮ್ಮೆಗೇ ಬಡಿಸುವವನು ಒಬ್ಬೊಬ್ಬನ ಎಲೆಯನ್ನೂ ನೋಡಬೇಕೆಂದರೆ ಹೇಗೆ?

ಶಿರಸ್ತೇದಾರರು ಬೆಳಗ್ಗೆ ಸಂಜೆ ರಾಗಿಯ ಗಂಜಿ ಕುಡಿಯುತ್ತಿದ್ದರು. ರಾಗಿ ಉತ್ತಮವಾದ ಧಾನ್ಯ; ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವ ಧಾನ್ಯ ಬೇರೆ ಯಾವುದೂ ಇಲ್ಲವೆಂದು ಫೋನಿನಲ್ಲಿ ಕೇಳಿದ್ದರು. ಅದು ಸರಿಯೇ. ಆದರೆ ಗಂಜಿ ಮಾಡುವಾಗ ಹಿಟ್ಟು ನುಣ್ಣಗಾದಷ್ಟೂ, ತೆಳ್ಳಗೆ ಬೆಂದಷ್ಟೂ ಬೇಗ ಅರಗಿ, ಸಕ್ಕರೆ ಬೇಗನೆ ರಕ್ತಕ್ಕೆ ಸೇರುವುದೆಂಬುದನ್ನು ಆ ಅರ್ಧ ನಿಮಿಷದ ರೀಲು ಹೇಳಿರಲಿಲ್ಲ. ಇದು ಕರಣದ ಮಾತು. ಗಂಜಿಗೆ ಸಕ್ಕರೆಯ ಬದಲು ಬೆಲ್ಲ. ಮಧ್ಯಾಹ್ನಕ್ಕೆ 'ಸಕ್ಕರೆರಹಿತ' ಎಂಬ ಬಿರುದಿನ ಖರ್ಜೂರದ ಉಂಡೆ ಎರಡು. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ, ಜೇನಿನಲ್ಲಿರುವುದೂ ಅದರ ಬಂಧುಗಳೇ. ಬಿಳಿಯ ಬಟ್ಟೆ ಬಿಚ್ಚಿ ಕಂದು ಬಟ್ಟೆ ಉಟ್ಟ ಮಾತ್ರಕ್ಕೆ ಆಸಾಮಿ ಬದಲಾಗುವನೆ? ಇನ್ನು ರಾಶಿ. ತೋರಿಸಿದ ಅಳತೆಯೆಲ್ಲ ನಾಲ್ಕು ಜನಕ್ಕೆ. ಪಾವು, ಚಟಾಕುಗಳ ಲೆಕ್ಕ ಬಲ್ಲವರಿಗೆ ಕಪ್ಪಿನ ಲೆಕ್ಕ ಹೊಸದು. ನಾಲ್ಕರಲ್ಲಿ ಒಂದು ಮಾಡುವ ಭಿನ್ನರಾಶಿ ಒಲೆಯ ಮುಂದೆ ಹೊಳೆಯದು. ಮಾಡಿದ್ದನ್ನು ಚೆಲ್ಲಬಾರದೆಂಬುದು ಆ ಮನೆಯ ಶೀಲ. ಹೀಗೆ ನಾಲ್ವರ ಸಿರಿಧಾನ್ಯದ ಉಪ್ಪಿಟ್ಟು ಒಬ್ಬರ ಹೊಟ್ಟೆಯನ್ನು ಸೇರುತ್ತಿತ್ತು, ಅದೂ ಫೋನಿನಲ್ಲಿ ಮುಂದಿನ ಅಡಿಗೆಯನ್ನು ನೋಡುತ್ತ. ಮಾತಿಲ್ಲದೆ, ನಗೆಯಿಲ್ಲದೆ, ಅನ್ನದಲ್ಲಿಯೇ ಮನಸ್ಸಿಟ್ಟು ಉಣ್ಣತಕ್ಕದ್ದೆಂದು ಉಪಯೋಗಸಂಸ್ಥೆಯ ವಿಧಿ. ಅಡಿಗೆಯನ್ನು ಕಲಿಸಿದ ಯಂತ್ರವೇ ಊಟವನ್ನು ಮರೆಸಿತೆಂದರೆ ಅತಿಶಯೋಕ್ತಿಯಲ್ಲ.

ಮಗಳು ಕಳುಹಿಸಿದ, ಎಣ್ಣೆಯಿಲ್ಲದೆ ಕರಿಯುವ ಯಂತ್ರವೊಂದು ಇನ್ನೂ ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿದೆ. ಅದರ ವಿಷಯ ಇರಲಿ.

ನಗುವ ವಿಷಯವಲ್ಲದುದು ಎರಡನೆಯ ತಿಂಗಳಲ್ಲಿ ನಡೆಯಿತು. ಒಮ್ಮೆ ನೋಡಿದುದರ ಜಾತಿಯದನ್ನೇ ಮತ್ತೆ ಮತ್ತೆ ಮುಂದಿಡುವುದು ಈ ಜಾಲತಾಣಗಳ ಧರ್ಮ. ಮಧುಮೇಹದ ಅಡಿಗೆಯನ್ನು ನೋಡಿದವರಿಗೆ ಮಧುಮೇಹದ ಔಷಧ, ಔಷಧ ನೋಡಿದವರಿಗೆ ಪವಾಡ. ಹೀಗೆ ಮೆಟ್ಟಿಲಿಳಿದು ಶಿರಸ್ತೇದಾರರು, ಇಪ್ಪತ್ತೊಂದು ದಿನ ಹಸಿಯ ಸೋರೆಕಾಯಿಯ ರಸ ಕುಡಿದರೆ ಮಾತ್ರೆಯೇ ಬೇಡವೆಂಬ ಉಪದೇಶವನ್ನು ತಲಪಿದರು. ನಾಲ್ಕು ದಿನ ಮಾತ್ರೆ ಬಿಟ್ಟರು. ಐದನೆಯ ದಿನ ಬೆಳಗ್ಗೆ ಹಿತ್ತಲ ಬಳ್ಳಿಯ ಕಾಯಿಯನ್ನು ಹೆಚ್ಚಿ, ಮಿಕ್ಸಿಯಲ್ಲಿ ತಿರುವಿ, ಲೋಟಕ್ಕೆ ಬಗ್ಗಿಸುತ್ತಿರುವಾಗ ಮನೆಗೆಲಸದ ಮುದುಕಿ ಒಳಗೆ ಬಂದಳು. "ತುದಿ ಕಚ್ಚಿ ನೋಡಿದ್ರಾ, ಸ್ವಾಮಿ?" ಎಂದಳು. ಏಕೆಂದು ಕೇಳಿದರು. ಅವಳು ಉತ್ತರ ಕೊಡದೆ ಉಳಿದಿದ್ದ ತುಂಡಿನಿಂದ ಒಂದು ಚೂರನ್ನು ಬಾಯಿಗಿಟ್ಟು, ಆ ಕ್ಷಣವೇ ಬಚ್ಚಲಿಗೆ ಹೋಗಿ ಉಗುಳಿದಳು. "ಹಾಲಾಹಲ ಕಣ್ ಸ್ವಾಮಿ, ಚೆಲ್ಲಿ."

ಸೋರೆ, ಹೀರೆ, ಸೌತೆಗಳ ಜಾತಿಯಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಕೆಲವು ಕಾಯಿಗಳಲ್ಲಿ ಹೆಚ್ಚಾಗಿ ಕೂಡುವುದುಂಟು. ನೋಟಕ್ಕೆ ಕಾಯಿ ಚೆನ್ನಾಗಿಯೇ ಇರುತ್ತದೆ. ತಿಳಿಯುವುದು ನಾಲಗೆಗೆ ಮಾತ್ರ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರೇ ಕಹಿಯಾದ ಸೋರೆಯ ರಸವನ್ನು ಕುಡಿದು ಪ್ರಾಣ ಬಿಟ್ಟರು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ತಜ್ಞರ ಸಮಿತಿಯು, ರಸ ತೆಗೆಯುವುದಕ್ಕೆ ಮುಂಚೆ ಚೂರೊಂದನ್ನು ರುಚಿನೋಡತಕ್ಕದ್ದು, ಕಹಿಯಿದ್ದರೆ ಎಸೆಯತಕ್ಕದ್ದು ಎಂದು ತಿಳಿಸಿತು. ಸಮಿತಿ ಹೇಳಿದ್ದನ್ನೇ ಮುದುಕಿಯೂ ಹೇಳಿದಳು. ಕಾಯಿಯ ತುದಿಯನ್ನು ಕೊಯ್ದು ನಾಲಗೆಗೆ ಮುಟ್ಟಿಸುವುದು ನಮ್ಮ ಹೆಂಗಸರ ಕೈಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಅದನ್ನು ಪಾಠವಾಗಿ ಹೇಳಬೇಕೆಂದು ಯಾರಿಗೂ ತೋರುವುದಿಲ್ಲ. ಆದಕಾರಣವೇ ಅದು ಪರದೆಯ ಮೇಲೆ ಬರುವುದೂ ಇಲ್ಲ.

ಅಂದು ಸಂಜೆ ಅವರು ಮಗಳಿಗೆ ಎಲ್ಲವನ್ನೂ ತಿಳಿಸಿದರು. ಅವಳು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಹುಳಿಗೆ ಬೆಲ್ಲ ಹಾಕುವ ಮುಂಚೆ ಅಮ್ಮ ನಿಮ್ಮ ಪಾಲನ್ನು ಸಣ್ಣ ಪಾತ್ರೆಗೆ ತೆಗೆದಿಡುತ್ತಿದ್ದಳು. ಉಪ್ಪೂ ನಿಮಗೆ ಬೇರೆ ಅಳತೆ. ನಿಮಗೆ ಗೊತ್ತಿರಲಿಲ್ಲವೆ?" ಎಂದು ಕೇಳಿದಳು. ಗೊತ್ತಿರಲಿಲ್ಲ. ಹನ್ನೆರಡು ವರ್ಷ ಅವರು ಮನೆಮಂದಿಯೊಡನೆ ಒಂದೇ ಹುಳಿಯನ್ನು ಉಣ್ಣುತ್ತಿದ್ದೇವೆಂದೇ ನಂಬಿದ್ದರು. ಪಥ್ಯದವನೆಂಬ ಕೀಳರಿಮೆ ಎಲೆಯ ಮುಂದೆ ಅವರಿಗೆ ಬಾರದಿರಲೆಂದು ಆಕೆ ಹೇಳಿರಲಿಲ್ಲವೋ, ಹೇಳತಕ್ಕ ವಿಷಯವೇ ಅಲ್ಲವೆಂದುಕೊಂಡಿದ್ದಳೋ, ಈಗ ಕೇಳುವ ಹಾಗಿಲ್ಲ. ಸಣ್ಣ ಪಾತ್ರೆ ಕಪಾಟಿನ ಮೇಲಿನ ಹಲಗೆಯಲ್ಲಿ ಇತ್ತು. ಒಂದು ಪಾವು ಹಿಡಿಯುವ ಹಿತ್ತಾಳೆಯದು, ಒಳಗೆ ಕಲಾಯಿ ಹಾಕಿದ್ದು. ಅವರು ಅದನ್ನು ಇಳಿಸಿ ತೊಳೆದಿಟ್ಟರು. ಅಂದಿನಿಂದ ಅವರ ಅಳತೆಯ ಪಾತ್ರೆ ಅದೇ ಆಯಿತು.

ಮಾರನೆಯ ದಿನ ಮಾತ್ರೆ ಮತ್ತೆ ಮೊದಲಾಯಿತು. ವೈದ್ಯರ ಬಳಿಗೆ ಹೋಗಿ ನಡೆದುದನ್ನು ಒಪ್ಪಿಸಿ, ಈ ಸಲ ಒಂದು ಕಾಗದದಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಕೇಳಿ ಬಂದರು. ಹಳೆಯ ವೃತ್ತಿ ಇಲ್ಲಿ ಸಹಾಯಕ್ಕೆ ಬಂದಿತು. ಅವರು ಒಂದು ಕಡತವನ್ನು ತೆರೆದರು. ಫೋನಿನಲ್ಲಿ ಕಂಡ ಪ್ರತಿ ಅಡಿಗೆಗೂ ಒಂದು ಹಾಳೆ, ಎಡಗಡೆ ಹೇಳಿದ ಅಳತೆ, ಬಲಗಡೆ ಒಬ್ಬರಿಗೆ ಇಳಿಸಿದ ಅಳತೆ, ಕೆಳಗೆ ಊಟವಾದ ಎರಡು ಗಂಟೆಗೆ ಮನೆಯಲ್ಲಿಯೇ ಬೆರಳು ಚುಚ್ಚಿ ನೋಡಿದ ಸಕ್ಕರೆ, ಷರಾ. ಷರಾದ ಕೆಲವು ಮಾದರಿಗಳು ಓದತಕ್ಕವು. "ಗಂಜಿ: ಬಿಡತಕ್ಕದ್ದು. ಮುದ್ದೆ, ನಿಂಬೆಯಷ್ಟು ದೊಡ್ಡದಲ್ಲ, ಕಿತ್ತಳೆಯಷ್ಟೂ ಅಲ್ಲ, ನಡುವಣದು, ಸೊಪ್ಪಿನ ಸಾರಿನೊಡನೆ: ಅಡ್ಡಿಯಿಲ್ಲ." "ಕಿನೋವಾ: ದಕ್ಷಿಣ ಅಮೆರಿಕದ ಧಾನ್ಯ. ಅಂಗಡಿಯವನಿಗೆ ಹೆಸರು ಹೇಳಿ ಬಾಯಿ ನೋವು. ನವಣೆಯಿಂದಲೇ ಕೆಲಸ ಸಾಗಿದೆ." "ಸೈಂಧವ ಲವಣ: ಇದೂ ಉಪ್ಪೇ." ಈ ಕೊನೆಯ ಷರಾಕ್ಕೆ ಒಂದು ವ್ಯಾಖ್ಯಾನ ಸಲ್ಲುತ್ತದೆ. ಸೈಂಧವವು ಲವಣಗಳಲ್ಲಿ ಶ್ರೇಷ್ಠವೆಂದು ಆಯುರ್ವೇದ ಹೇಳುವುದನ್ನು ಎತ್ತಿಕೊಂಡು, ಅದನ್ನು ಎಷ್ಟು ಹಾಕಿದರೂ ದೋಷವಿಲ್ಲವೆಂದು ಸಾರುವವರು ಜಾಲತಾಣಗಳಲ್ಲಿ ಬಹಳ. ಎಂಟು ಅಂಶಗಳನ್ನು ಹೇಳಿದ ಅದೇ ಅಧ್ಯಾಯದಲ್ಲಿಯೇ ಚರಕನು ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಕೂಡದೆಂದು ಸ್ಪಷ್ಟವಾಗಿ ವಿಧಿಸಿದ್ದಾನೆ. ಶಾಸ್ತ್ರದ ಅರ್ಧವನ್ನು ಓದುವುದು ಫೋನು ಬಂದ ಮೇಲಿನ ರೋಗವೇನೂ ಅಲ್ಲ. ಅದರ ಪ್ರಸಾರ ಮಾತ್ರ ಈಗ ಬಲು ಶೀಘ್ರ. ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಐದು ಗ್ರಾಮೆಂದರೆ ಒಂದು ಟೀ ಚಮಚದಷ್ಟು, ಅದೂ ಉಪ್ಪಿನಕಾಯಿ ಹಪ್ಪಳಗಳ ಲೆಕ್ಕವನ್ನು ಸೇರಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರದ 17 ಸೂತ್ರಗಳಲ್ಲಿಯೂ ಉಪ್ಪನ್ನು ಮಿತಗೊಳಿಸುವ ಮಾತಿದೆ. ಪುಕ್ಕಟೆಯಾಗಿ ದೊರೆಯುವ ಆ ಪುಸ್ತಕವನ್ನು ಮಗಳು ಅದೇ ಫೋನಿಗೆ ಕಳುಹಿಸಿಕೊಟ್ಟಳು. ಅದನ್ನು ಎರಡು ಬಾರಿ ಓದಿ, ಕಡತದ ಮೊದಲಲ್ಲಿ ಅದರ ಸಾರವನ್ನು ಬರೆದಿಟ್ಟರು.

ಆರು ತಿಂಗಳು ತುಂಬಿದಾಗ ಸಂಖ್ಯೆ 7.8. ವೈದ್ಯರು ತಲೆದೂಗಿ, ಮಾತ್ರೆಯನ್ನು ಮಾತ್ರ ಹಾಗೆಯೇ ಮುಂದುವರಿಸಬೇಕೆಂದರು. ಬೀಗದ ಕೈ ಗೂಟದಲ್ಲಿಯೇ ಉಳಿಯಿತು. ಮುಂದಿನ ಆರು ತಿಂಗಳಿಗೆ ಹೊಸ ವಾಯಿದೆಯೆಂದು ಮಗಳು ಹೇಳಿಹೋಗಿದ್ದಾಳೆ.

ಈಚೆಗೆ ಅವಳು ಬಂದಿದ್ದಾಗ ಕಡತದ ಒಂದು ಹಾಳೆಯ ಚಿತ್ರವನ್ನು ತೆಗೆದು, ನೆಂಟರ ವಾಟ್ಸಾಪು ಬಳಗಕ್ಕೆ ಹಾಕುತ್ತೇನೆಂದಳು. ಸಾಮೆಯ ಅನ್ನ, ನುಗ್ಗೆಸೊಪ್ಪು ತೊಗರಿಬೇಳೆಯ ಬಸ್ಸಾರು. ಬಸಿದ ಸೊಪ್ಪಿನದೇ ಪಲ್ಯ, ಕಾಯಿತುರಿ ಒಂದು ಚಮಚ. ಶಿರಸ್ತೇದಾರರು ಒಪ್ಪಿದರು, ಆದರೆ ಮೇಲೆ ಒಂದು ಸಾಲನ್ನು ತಾವೇ ಸೇರಿಸಿದರು: "ವಯಸ್ಸು 66, ಮಧುಮೇಹ 12 ವರ್ಷದಿಂದ, ಮೂತ್ರಪಿಂಡ ಸರಿಯಾಗಿದೆ, ಮಾತ್ರೆ ನಡೆಯುತ್ತಿದೆ, ಒಬ್ಬನಿಗೆ, ತಿಪಟೂರು, ಪುಷ್ಯಮಾಸ." ಇಷ್ಟು ಉದ್ದದ ತಲೆಬರಹವನ್ನು ಯಾರೂ ಓದುವುದಿಲ್ಲವೆಂದು ಮಗಳು ಆಕ್ಷೇಪಿಸಿದಳು. ಅವರು ಒಂದಕ್ಷರವನ್ನೂ ತೆಗೆಯಗೊಡಲಿಲ್ಲ.

ರಾತ್ರಿಯೊಳಗೆ ಆ ಚಿತ್ರ ಎಲ್ಲೆಲ್ಲಿಗೋ ಹೋಗಿ, ದೂರದ ಬಂಧುವೊಬ್ಬರಿಂದ ಒಂದು ಓಲೆ ಬಂದಿತು. ತಾಯಿಗೆ ಎಪ್ಪತ್ತೆರಡು, ಅವರಿಗೂ ಸಕ್ಕರೆ ಕಾಯಿಲೆ. ಈ ಬಸ್ಸಾರನ್ನು, ಜೊತೆಗೆ ದಿನವೂ ಒಂದು ಎಳನೀರನ್ನು ಕೊಡಬಹುದೆ? ಎಳನೀರಿನ ಊರಿನವರಾದ ಶಿರಸ್ತೇದಾರರು ಹೌದೆಂದು ಬರೆಯಹೊರಟು ಕೈ ತಡೆದರು. ಎಳನೀರಿನಲ್ಲಿಯೂ ಸೊಪ್ಪಿನಲ್ಲಿಯೂ ಪೊಟಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರಿಗೆ ಅದು ಹೃದಯಕ್ಕೆ ಅಪಾಯವೆಂದು ವೈದ್ಯರು ಅವರ ಪ್ರಶ್ನೆಯ ಕಾಗದದ ಬದಿಯಲ್ಲಿ ಬರೆದುಕೊಟ್ಟಿದ್ದರು. ಕನ್ನಡಕವನ್ನು ಸರಿಪಡಿಸಿಕೊಂಡು, ಒಂದೊಂದೇ ಅಕ್ಷರವನ್ನು ಒತ್ತುತ್ತ ಹೀಗೆ ಬರೆದರು: "ತಾಯಿಯವರ ಮೂತ್ರಪಿಂಡದ ಪರೀಕ್ಷೆ ಯಾವಾಗ ಆಯಿತು? ಕಾಲು ಊದುತ್ತದೆಯೆ? ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಹಲ್ಲು ಹೇಗಿದೆ? ಅವರಿಗೆ ಬಡಿಸುವವರು ಯಾರು? ಎಳನೀರಿನ ಮಾತನ್ನು ಮೊದಲು ಅವರ ವೈದ್ಯರನ್ನು ಕೇಳಿರಿ. ಉತ್ತರ ಬಂದ ಮೇಲೆ ಬಸ್ಸಾರಿನ ವಿಷಯ ಬರೆಯುತ್ತೇನೆ."